ಹವಾಲ್ದಾರರ ಬಂದೂಕಿನ ಕೊಕ್ಕೆ

ಹೊಲಿಗೆ ಯಂತ್ರ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಬೆನ್ನ ಹಿಂದೆ ಸಿಡಿಮದ್ದು ಎಂದೇ ಕರೆಯುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಕೆಟ್ಟ ಯಂತ್ರ ತಂದವರಿಗೆ ಮೊದಲು ಬೈಗುಳ, ಆಮೇಲೆ ರಿಪೇರಿ. ಕೆಲಸ ಅಚ್ಚುಕಟ್ಟಾಗಿರುತ್ತಿದ್ದುದರಿಂದ ಜನ ಬೈಗುಳವನ್ನು ನುಂಗಿಕೊಂಡು ಮತ್ತೆ ಅವನಲ್ಲಿಗೇ ಬರುತ್ತಿದ್ದರು.

ಅವನ ಅಪ್ಪ ಸೈನ್ಯದಲ್ಲಿ ಹೊಸಬರಿಗೆ ಗುರಿ ಕಲಿಸುತ್ತಿದ್ದ ಹವಾಲ್ದಾರರು. ಮಕ್ಕಳಿಗೆ ಬಿಟ್ಟುಹೋದದ್ದು ಎರಡು ಹಳೇ ತರಬೇತಿ ಬಂದೂಕು. ಒಂದು ಸಲಕ್ಕೆ ಒಂದೇ ಸಣ್ಣ ತೋಟಾ ಹಾಕುವಂಥವು. ಒಂದು ಮಗಳಿಗೆ, ಒಂದು ಮಗನಿಗೆ. ಜೊತೆಗೊಂದು ಅಪ್ಪಣೆ: ‘ಒಂದರ ಹೊಟ್ಟೆ ಕುಯ್ದು ಇನ್ನೊಂದಕ್ಕೆ ಹಾಕ್ಬೇಡಿ.’ ಮಗ ತನ್ನದನ್ನು ಅಂಗಡಿಯ ಬೀರುವಿನಲ್ಲಿಟ್ಟು ಬೀಗ ಜಡಿದ. ಅಕ್ಕ ಮಾತ್ರ ತನ್ನದರಲ್ಲಿ ಬಡಾವಣೆಯ ಹುಡುಗಿಯರಿಗೆ ಗುರಿ ಕಲಿಸತೊಡಗಿದಳು.

ಆ ಬಂದೂಕಿನ ಕೊಕ್ಕೆ ಮುರಿಯಿತು. ಗುಂಡು ಹಾರಿದ ಮೇಲೆ ಖಾಲಿ ತೋಟಾವನ್ನು ಹೊರಗೆಳೆಯುವ, ಉಗುರಿನಷ್ಟು ಚಿಕ್ಕ ಉಕ್ಕಿನ ಚೂರು ಅದು. ಅಕ್ಕ ಪ್ರತಿ ಗುಂಡಿಗೂ ನಳಿಗೆಯೊಳಗೆ ಕಡ್ಡಿ ತೂರಿಸಿ ತೋಟಾ ತಳ್ಳುತ್ತ ಪಾಠ ಮುಂದುವರಿಸಿದಳು. ಗುರಿ ಮೈದಾನದ ಮೇಲ್ವಿಚಾರಕರು ಕಂಡು ಹೌಹಾರಿದರು. ‘ಭಾನುವಾರದೊಳಗೆ ಸರಿ ಮಾಡಿಸಿ ತನ್ನಿ. ಇಲ್ಲಾಂದ್ರೆ ನಿಮ್ಮ ತರಗತಿ ಬಂದ್.’ ಹುಡುಗಿಯರಿಗೆ ಬೇರೆ ಬಂದೂಕು ಇರಲಿಲ್ಲ.

ಅಕ್ಕ ತಮ್ಮನ ಅಂಗಡಿಗೆ ಬಂದಳು.

‘ನನ್ ಹತ್ರ ಯಾಕೆ ಬಂದೆ? ನಾನೇನು ಫಿರಂಗಿ ಕಾರ್ಖಾನೆ ಇಟ್ಟಿದೀನಾ?’

‘ಬೈದು ಮುಗೀತಾ? ಮುಗಿದಿದ್ರೆ ಏಳು, ಹುಡುಕೋಣ.’

ಬಂದೂಕಿನ ಅಂಗಡಿಯವನು ಮುರಿದ ಚೂರನ್ನು ಅಂಗೈ ಮೇಲಿಟ್ಟುಕೊಂಡು ನಕ್ಕ. ‘ಯಜಮಾನ್ರೇ, ಇದನ್ನ ಮಾಡ್ತಿದ್ದ ಕಂಪನಿ ಮುಚ್ಚಿ ನಿಮ್ಮಷ್ಟು ವಯಸ್ಸಾಯ್ತು.’

‘ನನ್ನ ವಯಸ್ಸು ಕೇಳಕ್ಕೆ ಬಂದಿಲ್ಲ!’ ಸಿಡಿಮದ್ದು ಬಾಗಿಲು ದಢಾರನೆ ಎಳೆದುಕೊಂಡು ಹೊರಬಿದ್ದ. ತಿರುವಿನವರೆಗೆ ಹೋದ ಮೇಲೆ ಚೂರು ಅಲ್ಲೇ ಉಳಿದದ್ದು ನೆನಪಾಯಿತು. ಮುಖ ಕಿವುಚಿಕೊಂಡು ವಾಪಸು ಹೋದ. ಅಂಗಡಿಯವನು ಅದನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡು ಕಾಯುತ್ತಿದ್ದ.

ಗುಜರಿಯವನ ಡಬ್ಬದಲ್ಲಿ ಅಂಥದ್ದೇ ಒಂದು ಸಿಕ್ಕಿತು. ಕೂದಲೆಳೆಯಷ್ಟು ಅಗಲ ಹೆಚ್ಚು. ಉಜ್ಜಿ ನೋಡುವುದು ಬಿಟ್ಟು ಒತ್ತಿಯೇ ಕೂರಿಸುತ್ತೇನೆಂದು ಹೊರಟ. ಟಕ್ ಎಂದು ಎರಡು ತುಂಡಾಯಿತು.

ಶನಿವಾರ ಬಂತು. ಅಕ್ಕ ಬೀರುವಿನ ಕಡೆ ನೋಡಿದಳು.

‘ಅದನ್ನ ಮುಟ್ಟಲ್ಲ,’ ಎಂದ ತಮ್ಮ. ‘ಅಪ್ಪ ಏನಂದಿದ್ರು?’

‘ತೆಗೆದು ಕೊಡು ಅಂದ್ನಾ? ಬಿಚ್ಚಿ ಅಳತೆ ನೋಡು, ಅಷ್ಟೆ. ನೋಡಿದ್ರೆ ಸವೀತದಾ?’

ಗೊಣಗುತ್ತಲೇ ಬೀಗ ತೆಗೆದ. ತನ್ನ ಬಂದೂಕಿನಲ್ಲಿ ಹಿಂದೆ ಮುಂದೆ ಸರಿಯುವ ಕಂಬಿಯನ್ನು, ಅಂದರೆ ಬೋಲ್ಟನ್ನು ಬಿಚ್ಚಿ, ಕೊಕ್ಕೆಯನ್ನು ಚಿಮಟದಲ್ಲಿ ಎತ್ತಿ ದೀಪದ ಕೆಳಗೆ ಹಿಡಿದ. ಒಂದು ಅಂಚಿನಲ್ಲಿ ಏನೋ ತರಿ ತರಿ. ಭೂತಗನ್ನಡಿ ಹಿಡಿದರೆ ಅರ್ಧಂಬರ್ಧ ಉಜ್ಜಿದ ಹಲ್ಲಿನ ಸಾಲು.

‘ಅಕ್ಕಾ! ಇದು ಗರಗಸದ ಬ್ಲೇಡು ಕಣೇ!’

ಈ ಬಂದೂಕಿನ ಅಸಲಿ ಕೊಕ್ಕೆ ಹಿಂದೆಯೇ ಮುರಿದಿತ್ತು. ಹವಾಲ್ದಾರರು ಮುರಿದ ಬ್ಲೇಡಿನಿಂದ ಕೈಯಾರೆ ಒಂದು ಮಾಡಿ ಕೂರಿಸಿ, ತುಟಿಪಿಟಕ್ಕೆನ್ನದೆ ಇದ್ದುಬಿಟ್ಟಿದ್ದರು.

‘ಅಪ್ಪಟ ಕಂಪನಿ ಮಾಲು ಅಂತ ಬಂದವರಿಗೆಲ್ಲ ಜಂಬ ಕೊಚ್ಕೋತಿದ್ರಲ್ಲ!’ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಹೊಟ್ಟೆ ಕುಯ್ಬೇಡಿ ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತು ನೋಡು!’

ಮುರಿದ ಬ್ಲೇಡುಗಳಿಗೆ ಅವನ ಅಂಗಡಿಯಲ್ಲಿ ಬರವೇ ಇರಲಿಲ್ಲ. ಅಪ್ಪನ ಕೊಕ್ಕೆಯನ್ನು ಪಕ್ಕದಲ್ಲಿಟ್ಟುಕೊಂಡು, ಬ್ಲೇಡಿನ ತುಂಡೊಂದನ್ನು ಕಾಯಿಸಿ, ಕತ್ತರಿಸಿ, ಅರದಿಂದ ಉಜ್ಜಿದ. ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ. ಅಷ್ಟಕ್ಕೇ ತಾಳ್ಮೆ ಕೆಟ್ಟಿತು. ಸಣ್ಣ ಉರಿಯಲ್ಲಿ ಹದಕ್ಕೆ ತರದೆ ಹಾಗೇ ಬೋಲ್ಟಿನೊಳಕ್ಕೆ ಒತ್ತಿದ. ಅದು ಗಾಜಿನಂತೆ ಒಡೆಯಿತು. ಅರಕ್ಕೆ ಬೈದ, ಬ್ಲೇಡಿಗೆ ಬೈದ, ಸತ್ತುಹೋದ ಕಂಪನಿಗೂ ಬೈದ.

‘ಅಪ್ಪಂಗೂ ಒಂದೇ ಸಲಕ್ಕೆ ಬಂದಿರಲ್ಲ ಬಿಡೋ,’ ಎಂದಳು ಅಕ್ಕ.

ಅಪ್ಪ ಮೇಜಿನ ಮುಂದೆ ಕೂತು ಒಂದಾದ ಮೇಲೊಂದು ಚೂರು ಹಾಳುಮಾಡಿ ಹಲ್ಲು ಕಡಿದಿರಬಹುದೆಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ. ಇನ್ನೊಂದು ತುಂಡು ಎತ್ತಿಕೊಂಡ. ಈ ಸಲ ಎಣ್ಣೆಯಿಂದ ತೆಗೆದ ಮೇಲೆ ಸಣ್ಣ ಉರಿಯಲ್ಲಿ ಹಿಡಿದು, ಉಕ್ಕಿಗೆ ನೀಲಿ ಬಣ್ಣ ಬರುವವರೆಗೂ ಸುಮ್ಮನೆ ಕಾದ.

ಭಾನುವಾರ ಮೈದಾನದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಮಕಾಡೆ ಮಲಗಿ ಗುಂಡು ಹಾರಿಸಿದಳು. ಬೋಲ್ಟ್ ಹಿಂದಕ್ಕೆಳೆದಳು. ಖಾಲಿ ತೋಟಾ ಪುಟಿದು ಬಂದು ಸಿಮೆಂಟಿನ ಮೇಲೆ ಟಿಣ್ ಎಂದಿತು. ಇನ್ನೊಂದು ಹಾರಿಸಿದಳು. ಮತ್ತೆ ಟಿಣ್.

ಮೇಲ್ವಿಚಾರಕರು ಬೋಲ್ಟನ್ನು ಹಿಂದೆ ಮುಂದೆ ಎಳೆದು ನೋಡಿ, ‘ಆಗಬಹುದು, ಪಾಠ ನಡೆಸಿ,’ ಎಂದರು. ‘ಅಲ್ಲಾ, ಪಾರ್ಟು ಎಲ್ಲಿ ಸಿಕ್ತು?’

‘ಎಲ್ಲೂ ಸಿಗಲ್ಲ!’ ಸಿಡಿಮದ್ದು ಗುಡುಗಿದ. ‘ಮಾಡ್ಕೋಬೇಕು!’

ಅಕ್ಕ ಆಗಲೇ ಮುಂದಿನ ಹುಡುಗಿಯ ಮೊಣಕೈ ಸರಿಪಡಿಸುತ್ತಿದ್ದಳು. ಹೊಸ ಕೊಕ್ಕೆಯ ಅಂಚಿನ ಹಲ್ಲುಗಳನ್ನು ತಮ್ಮನೂ ಪೂರ್ತಿ ಉಜ್ಜಿರಲಿಲ್ಲ. ಅಪ್ಪ ಗುಟ್ಟು ಮಾಡಿದ್ದರು, ಇವನು ಬೇಕೆಂದೇ ಉಳಿಸಿದ್ದ; ಮುಂದೆ ಯಾರಾದರೂ ಬಿಚ್ಚಿದರೆ ಊರೆಲ್ಲ ಅಲೆಯದೆ, ಇದು ಬ್ಲೇಡಿನಿಂದ ಮಾಡಿದ್ದೆಂದು ನೋಡಿದ ಕೂಡಲೇ ಅವರಿಗೆ ತಿಳಿಯಲಿ ಎಂದು.