ಪೆಟ್ಟಿಗೆಯಲ್ಲಿದ್ದ ಹೆಸರು

ಠಣ್! ಅಲ್ಯೂಮಿನಿಯಂ ಏಣಿ ಗೋಡೆಗೆ ತಾಗಿದ ಸದ್ದು ಕೇಳಿದ್ದೇ ತಡ, ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಬಿರುಗಾಳಿ ಬೀಸಿ ಮೂರು ದಿನ. ಅಂದಿನಿಂದ ಯಾರ ಮನೆಯಲ್ಲೂ ಇಂಟರ್ನೆಟ್ ಇರಲಿಲ್ಲ. ಹದಿನೇಳು ವರ್ಷಗಳಿಂದ ಇಲ್ಲಿ ತಂತಿ ಎಳೆದು ಜೋಡಿಸುತ್ತಿದ್ದವನ ನಿಜ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಏಣಿಯಣ್ಣ ಅಂದರೆ ಮುಗಿಯಿತು.

"ಏಣಿಯಣ್ಣ, ನಮ್ಮನೆಗೆ ಯಾವಾಗ? ಮೂರು ದಿನದಿಂದ ಗಂಡ ಹೆಂಡ್ತಿ ಮುಖ ಮುಖ ನೋಡ್ಕೊಂಡು ಕೂತಿದ್ದೀವಿ!" ಎದುರುಮನೆಯಾಕೆ ಕೂಗಿದಳು.

"ನೋಡ್ಕೊಳ್ಳಿ ಅಕ್ಕ, ಮದುವೆ ಆದ ಮೇಲೆ ಪುರುಸೊತ್ತೆಲ್ಲಿ ಸಿಕ್ಕಿತ್ತು?"

ನಗುನಗುತ್ತಲೇ ಅವನು ಮಹಡಿಯ ದರ್ಜಿಯಮ್ಮನ ಮನೆ ಹೊಕ್ಕ. ಹೊಲಿಗೆ ಯಂತ್ರದ ಪಕ್ಕ ಸ್ಟೂಲಿನ ಮೇಲೆ ರೂಟರ್ ಪೆಟ್ಟಿಗೆ, ಅದರಲ್ಲಿ ಕೆಂಪು ದೀಪ. ಬೆಳಗಿನಿಂದ ಹನ್ನೊಂದು ಮನೆಗಳಲ್ಲಿ ಮಾಡಿದ್ದನ್ನೇ ಕೈ ತಾನಾಗಿ ಮಾಡಿತು. ಜೇಬಿನ ಗುಂಡುಪಿನ್ನನ್ನು ಪೆಟ್ಟಿಗೆಯ ಬೆನ್ನಿನ ಸಣ್ಣ ತೂತಿಗೆ ಚುಚ್ಚಿ ಹತ್ತು ಎಣಿಸಿದ. ಹಾಗೆ ಮಾಡಿದರೆ ಒಳಗೆ ತುಂಬಿಸಿದ್ದೆಲ್ಲ ಅಳಿಸಿಹೋಗಿ ಪೆಟ್ಟಿಗೆ ಅಂಗಡಿಯಿಂದ ತಂದ ಹಾಗಾಗುತ್ತದೆ. ಕೆಂಪು ದೀಪ ಮಾತ್ರ ಹಾಗೇ ಇತ್ತು. ಹೊರಗೆ ಏಣಿ ಹತ್ತಿ ನೋಡಿದರೆ ತಂತಿಯ ಜೋಡಣೆಯೇ ಗಾಳಿಗೆ ಕಿತ್ತು ಬಂದಿತ್ತು. ಅದನ್ನು ಕೂಡಿಸಿ ಬಂದ; ದೀಪ ಹಸಿರಾಯಿತು.

"ಬಂತು ನೋಡಿ ಅಮ್ಮ."

ದರ್ಜಿಯಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಮೇಲೆ ಕೆಳಗೆ ಸರಿಸಿದಳು. "ಇದ್ಯಾವುದೋ ನಂಬರ್ ಬರ್ತಿದೆಯಲ್ಲಪ್ಪ. ನಮ್ಮ ವೈಫೈ ಹೆಸರು 'ಸಾಕು ಮಲಗಮ್ಮ' ಅಂತಿತ್ತು."

ಅವನ ಕೈ ಜೇಬಿನ ಗುಂಡುಪಿನ್ನಿಗೆ ಹೋಯಿತು. ಮೂರು ವರ್ಷದ ಹಿಂದೆ ಸಂಪರ್ಕ ಕೊಡುವಾಗ ದರ್ಜಿಯಮ್ಮನ ಮಗಳು ಅವನ ಕೈಯಿಂದ ಫೋನು ಕಿತ್ತುಕೊಂಡು ಆ ಹೆಸರು ಬರೆದಿದ್ದಳು. "ಎಷ್ಟು ಹೇಳಿದ್ರೂ ಹೊಲಿಯೋದು ನಿಲ್ಸಲ್ಲ ಇವಳು. ಫೋನ್ ತೆಗೆದಾಗೆಲ್ಲ ಬೈಸ್ಕೊಳ್ಳಲಿ!" ಎಂದು ನಕ್ಕಿದ್ದಳು. ಹೋದ ವರ್ಷ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟಳು.

"ಗಾಳಿ ಅದನ್ನೂ ಹಾರಿಸ್ಕೊಂಡು ಹೋಯ್ತಾ?"

ಹೌದು ಅಂದಿದ್ದರೆ ಆಗುತ್ತಿತ್ತು. ಗಾಳಿಯೇನು ಬಂದು ಅಲ್ಲಗಳೆಯುತ್ತದೆಯೆ?

"ಗಾಳಿ ಅಲ್ಲಮ್ಮ, ನಾನು. ಒಂದು ಮಾತು ಕೇಳದೆ ಅಳಿಸಿಬಿಟ್ಟೆ. ಪೆಟ್ಟಿಗೆಗೆ ಏನೂ ಆಗಿರಲಿಲ್ಲ."

ಅವಳು ಫೋನನ್ನು ಅವನ ಕೈಗಿಟ್ಟಳು. ಅವನು ಒಂದೊಂದೇ ಅಕ್ಷರ ಒತ್ತಿ ಅದೇ ಹೆಸರನ್ನು ಮತ್ತೆ ಬರೆದ. ಅವಳು ಫೋನು ವಾಪಸ್ ತೆಗೆದುಕೊಂಡು ನೋಡಿದಳು.

"ಅದೇ ಇದೆ," ಅಂದಳು. ಫೋನನ್ನು ಮಡಿಲಲ್ಲಿಟ್ಟುಕೊಂಡು, "ಆದ್ರೆ ಈಗ ಅವಳು ಹೇಳಿದ ಹಾಗಿಲ್ಲ, ನೀನು ಹೇಳಿದ ಹಾಗಿದೆ."

 ಅವಳೇ ಎದ್ದು ಲೋಟಕ್ಕೆ ನೀರು ಬಗ್ಗಿಸಿದಳು. "ಬಿಡು, ಬೇಕೂಂತ ಮಾಡಿದ್ಯಾ? ಕೂತ್ಕೋ. ಅವಳೂ ಹೀಗೇ, ಕೇಳೋದೇ ಇಲ್ಲ. ಒಂದ್ಸಲ ನನ್ನ ಕತ್ತರಿ ತಗೊಂಡು ಹೋಗಿ..."

ಅವನು ನೀರು ಕುಡಿದು, ಇನ್ನು ಇದು ಜೇಬಿನಲ್ಲಿರುವುದು ಬೇಡವೆಂದು ಗುಂಡುಪಿನ್ನನ್ನು ಅವಳ ಸೂಜಿಗಳ ಡಬ್ಬಿಯೊಳಗೆ ಹಾಕಿ, ಮೆಟ್ಟಿಲಿಳಿದು ಹೊರಟ. ಮೇಲೆ ಮೆಟ್ಟಿಲ ತುದಿಯಲ್ಲಿ ನಿಂತು ಅವಳು ಕತ್ತರಿಯ ಕಥೆ ಹೇಳುತ್ತಲೇ ಇದ್ದಳು.