ಯಾರೂ ಇಲ್ಲದಲ್ಲಿ ತಿರುಗಿದ ಫ್ಯಾನು

ಇಂಜಿನ್ ತಣಿಸುವ ಕಾದ ಕೂಲೆಂಟ್ ನೆಲಕ್ಕೆ ಚೆಲ್ಲಿದರೆ ಒಂದು ಸಿಹಿ ವಾಸನೆ ಏಳುತ್ತದೆ, ತಳ ಹಿಡಿದ ಬೆಲ್ಲದ ಪಾಕದ ಹಾಗೆ. ಮೊನ್ನೆ ನಮ್ಮ ಸೊಸೈಟಿಯ ಗೇಟಿನಲ್ಲಿ ಯಾರದೋ ಹಳೇ ಕಾರು ಹಬೆಯಾಡುತ್ತ ನಿಂತಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡು ದಾಟುತ್ತಿದ್ದರೆ ನಾನೊಬ್ಬಳು ತರಕಾರಿ ಚೀಲ ಹಿಡಿದು ಹುಚ್ಚಿಯ ಹಾಗೆ ಅಲ್ಲೇ ನಿಂತುಬಿಟ್ಟೆ. ಗೋರೆಗಾಂವ್‌ನ ನಮ್ಮ ಸಾಲುಕೋಣೆಗಳ ಚಾಳು ಕಣ್ಣೆದುರು ಬಂತು: ಕೆಳಗಿನ ಒಂದೂವರೆ ಕೋಣೆ, ಬಾಗಿಲಲ್ಲಿ ಬಾಳೆನಾರಿನಿಂದ ಮಲ್ಲಿಗೆ ಕಟ್ಟುತ್ತ ಕೂತ ಅಜ್ಜಿ, ಅಂಗಳದ ನಲ್ಲಿಯ ಪಕ್ಕ ಅಪ್ಪನ ಸೆಕೆಂಡ್‌ಹ್ಯಾಂಡ್ ಕಾರು. ಉಡುಪಿಯಿಂದ ಬಂದು ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಅಪ್ಪನಿಗೆ ಕಾರಿನ ಶೋಕಿ ಎಲ್ಲಿಂದ ಬರಬೇಕು? ಅದನ್ನು ತಂದದ್ದು ಅಮ್ಮನಿಗಾಗಿ. ಅವಳ ಎಡಗಾಲು ಪೋಲಿಯೊದಿಂದ ಸೊರಗಿತ್ತು. ಸ್ಟೇಷನ್ನಿನ ಸೇತುವೆ ಹತ್ತುವುದು, ಲೋಕಲ್ಲಿನ ನೂಕುನುಗ್ಗಲು ಅವಳಿಂದ ಆಗುತ್ತಿರಲಿಲ್ಲ. ಕಾರು ಬರುವ ಮೊದಲು ಅವಳ ಮುಂಬಯಿ ಚಾಳಿನ ಗೇಟಿಗೇ ಮುಗಿಯುತ್ತಿತ್ತು.

ಆ ಬೇಸಿಗೆಯಲ್ಲಿ ಕಾರಿಗೆ ಅದೇನು ದೆವ್ವ ಹೊಕ್ಕಿತೋ! ಓಡುವಾಗ ಸರಿ, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರುತ್ತಿತ್ತು. ಸಾಂತಾಕ್ರೂಜ್ ಹತ್ತಿರ ಎರಡು ಸಲ ಬಾನೆಟ್ಟಿನಿಂದ ಹಬೆ ನುಗ್ಗಿ, ಅಮ್ಮ ಹೈವೇ ಬದಿಯ ಸುಡುಬಿಸಿಲಲ್ಲಿ ಒಂದೇ ಕಾಲಿಗೆ ಭಾರ ಹಾಕಿ ನಿಲ್ಲಬೇಕಾಯಿತು. ರೇಡಿಯೇಟರನ್ನು ತಂಪು ಮಾಡುವ ಫ್ಯಾನು ತಿರುಗುತ್ತಿರಲಿಲ್ಲ. ಅಪ್ಪ ಫ್ಯೂಸು ಬದಲಿಸಿದರು, ರಿಲೇ ಬದಲಿಸಿದರು. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಇನ್ನು ಇದನ್ನು ನಂಬಿ ನಿನ್ನನ್ನು ಕರ್ಕೊಂಡು ಹೋಗುದಿಲ್ಲ ಮಾರಾಯ್ತಿ. ಕೊಟ್ಟುಬಿಡುವ," ಅಂದರು ಅಪ್ಪ.

"ಕೊಡಿ. ನನಗೆ ಹೊರಗೆ ಎಂಥ ಕೆಲಸ ಉಂಟು?" ಅಂದ ಅಮ್ಮ ಆ ಮಧ್ಯಾಹ್ನವಿಡೀ ತಲೆಯೆತ್ತದೆ ಮೆಂತೆ ಸೊಪ್ಪು ಬಿಡಿಸಿದಳು. ನನಗೆ ಅಳು ಬಂತು. ಭಾನುವಾರ ಕಾರು ನೋಡಲು ಗಿರಾಕಿ ಬರುವವನಿದ್ದ.

ಶನಿವಾರ ಬೆಳಿಗ್ಗೆ, ಕೊನೆಯದಾಗಿ ನೋಡಿಯೇಬಿಡುವ ಅಂತ ಅಪ್ಪ ಗದಗಿನ ಕಡೆಯ ಮೆಕ್ಯಾನಿಕ್ ಮಲ್ಲಪ್ಪನನ್ನು ಕರೆತಂದರು. "ಫ್ಯಾನಿನ ಪ್ಲಗ್ ಕಳಚಿ ಬ್ಯಾಟರಿಯಿಂದ ಸೀದಾ ಕರೆಂಟ್ ಕೊಟ್ ನೋಡೂಣ್ರಿ. ತಿರುಗಿದ್ರ ಮೋಟಾರ್ ಛಲೋ ಐತಿ ಅಂತ," ಎಂದು ಮಲ್ಲಪ್ಪ ಬಗ್ಗಿ ಕೈ ಹಾಕಿದವನು ಹಾಗೇ ನಿಂತ. "ಅಲ್ರೀ ಸಾಹೇಬ್ರ, ಇದನ್ನ ಯಾರ್ ಕಳಚ್ಯಾರ?"

ಪ್ಲಗ್ಗು ಮೊದಲೇ ಕಳಚಿತ್ತು. ಅದಕ್ಕೆ ಹಾಲಿನ ಪ್ಯಾಕೆಟ್ಟು ಸುತ್ತಿ, ಬಾಳೆನಾರಿನಿಂದ ಅಚ್ಚುಕಟ್ಟಾಗಿ ಗಂಟು ಹಾಕಲಾಗಿತ್ತು. ಫ್ಯೂಸ್ ಡಬ್ಬಿ ಬಿಟ್ಟು ಕೆಳಗೆ ಬಗ್ಗಿ ನೋಡದ ಅಪ್ಪನ ಮುಖ ಹುಳ್ಳಗಾಯಿತು. ಇಡೀ ಚಾಳಿನಲ್ಲಿ ಬಾಳೆನಾರಿನಲ್ಲಿ ಗಂಟು ಹಾಕುವವರು ಒಬ್ಬರೇ. ಎಲ್ಲರೂ ಬಾಗಿಲ ಕಡೆ ತಿರುಗಿದೆವು.

"ಮತ್ತೆ?" ಅಂದಳು ಅಜ್ಜಿ. "ಬೇಸಿಗೆ ಸುರುವಿಗೆ ಒಂದು ದಿನ ಇವ ಬಾನೆಟ್ ತೆರೆದಿಟ್ಟು, ಇಂಜಿನ್ ಬಂದ್ ಮಾಡಿ ಕಾಫಿಗೆ ಬಂದ. ಫ್ಯಾನ್ ಒಂದೇ ತಿರುಗ್ತಾ ಉಂಟು, ಒಳಗೆ ಒಂದು ನರಪಿಳ್ಳೆ ಇಲ್ಲ! ಕರೆಂಟ್ ಪುಕ್ಕಟೆಯಾ? ಸ್ವಿಚ್ ಹುಡುಕಿದೆ, ಸಿಗ್ಲಿಲ್ಲ. ಪ್ಲಗ್ ತೆಗ್ದೆ. ಮಗು ಮುಟ್ಟಿ ಶಾಕ್ ಹೊಡೆಯುದು ಬೇಡ ಅಂತ ಕಟ್ಟಿಯೂ ಇಟ್ಟೆ."

ಕೋಣೆಯಿಂದ ಕೊನೆಗೆ ಹೊರಡುವವರು ಫ್ಯಾನು ಬಂದ್ ಮಾಡಬೇಕು ಅನ್ನುವುದು ನಮ್ಮ ಮನೆಯ ಕಾನೂನು. ಮರೆತರೆ ಅಜ್ಜಿ ಉಣ್ಣುವ ಎಲೆ ಬಿಟ್ಟೆದ್ದು ಆರಿಸುತ್ತಿದ್ದಳು. ಇಂಜಿನ್ನು ತಣ್ಣಗಾಗಲು ಆ ಫ್ಯಾನು ಒಂದಿಷ್ಟು ಹೊತ್ತು ತಾನಾಗಿ ತಿರುಗುತ್ತದೆ ಅಂತ ಅವಳಿಗೆ ಯಾರು ಹೇಳಿದ್ದರು? ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನಗತೊಡಗಿದಳು. ಗೋಡೆ ಹಿಡಿದು, ಕಣ್ಣೀರು ಬರುವಷ್ಟು ನಕ್ಕಳು. ನನಗಂತೂ ಹೋದ ಜೀವ ಬಂದಂತಾಯಿತು. ಮಲ್ಲಪ್ಪ ಗಂಟು ಬಿಚ್ಚಿ, ಪ್ಲಗ್ಗು ಮತ್ತೆ ಸಿಕ್ಕಿಸಿ ಇಂಜಿನ್ ಶುರು ಮಾಡಿದ. ಹತ್ತು ನಿಮಿಷಕ್ಕೆ ಫ್ಯಾನು ಗರ್ರನೆ ತಿರುಗಿತು. "ತಿರುಗ್ಲಿ ಅತ್ಲಾಗೆ," ಅಂದಳು ಅಜ್ಜಿ, ಮನಸ್ಸಿಲ್ಲದ ಮನಸ್ಸಿನಿಂದ.

ಗಿರಾಕಿಗೆ ಬರಬೇಡ ಅಂತ ಹೇಳಿಕಳಿಸಿ ಅದೇ ಸಂಜೆ ದಾದರಿಗೆ ಹೊರಟೆವು. ಒಂದೊಂದು ಸಿಗ್ನಲ್ಲಿನಲ್ಲೂ ನಾವು ಮುಳ್ಳು ನೋಡುತ್ತಿದ್ದೆವು. ಅದು ಅರ್ಧಕ್ಕಿಂತ ಮೇಲೇರಲಿಲ್ಲ. "ಮನೆಯಲ್ಲೇ ಕೂರುದಾಯ್ತು ಅಂತ ಹೆದರಿದ್ದೆ," ಅಂದಳು ಅಮ್ಮ, ಯಾರಿಗೂ ಅಲ್ಲದ ಹಾಗೆ. ಮಾರ್ಕೆಟ್ಟಿನ ಬಳಿ ಅಪ್ಪ ಇಳಿಯಹೋದರೆ ತಡೆದಳು. "ನೀವು ಕೂತ್ಕೊಳ್ಳಿ. ನಾನೊಬ್ಬಳೇ ಹೋಗಿ ಬರ್ತೇನೆ."

ಚಾಳು ಇದ್ದಲ್ಲಿ ಈಗ ಬಿಲ್ಡಿಂಗ್ ಎದ್ದಿದೆ. ಅಜ್ಜಿ ಇಲ್ಲ, ಅಪ್ಪ ಇಲ್ಲ. ಅಮ್ಮ ಕಡೆಯ ವರ್ಷವನ್ನು ಹಾಸಿಗೆಯಲ್ಲೇ ಕಳೆದು ತೀರಿಕೊಂಡಳು. ಆದರೆ ಅಮ್ಮ ಅಂದರೆ ನನಗೆ ಕಾಣುವುದು ಆ ಸಂಜೆಯವಳೇ: ಕಾಲೆಳೆಯುತ್ತ, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾದರಿನ ಜನಜಂಗುಳಿಯೊಳಗೆ ಒಮ್ಮೆಯೂ ಹಿಂತಿರುಗಿ ನೋಡದೆ ಹೋಗುತ್ತಿದ್ದಳು.