ಬೀಸುಕಲ್ಲಿನ ಎರಡು ಬದಿ

ಅಂದು ಬೆಳಿಗ್ಗೆ ನಳದ ನೀರು ಹಿಡಿದು, ರೊಟ್ಟಿ ಬಡಿದು, ನಮ್ಮ ಯಜಮಾನರಿಗೆ ಎರಡನೇ ಚಹಾ ಕೊಟ್ಟಾದ ಮೇಲೆ, ನಿಲಂಗಾದ ಬಿಸಿಲು ಚುರುಕಾಗುವ ಮೊದಲೇ ಚಾದರಗಳನ್ನು ಮಾಳಿಗೆಯ ಮೇಲೆ ಹರವೋಣವೆಂದು ಟ್ರಂಕು ತೆರೆದೆ. ಒಣಗಿದ ಬೇವಿನೆಲೆಯ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಮೆಲ್ಲಗೆ ಮೇಲಕ್ಕೆ ಬಂತು. ಅರಿಶಿನದ್ದು. ಹಳದಿ ಕಲೆಯ ಹತ್ತಿಬಟ್ಟೆಯೊಂದರಲ್ಲಿ ಅವ್ವ ಸುತ್ತಿಟ್ಟಿದ್ದ ಕ್ಯಾಸೆಟ್ ಕೈಗೆ ಸಿಕ್ಕಿತು. ಅದರ ಮೇಲೆ ಏನೂ ಬರೆದಿರಲಿಲ್ಲ, ಆದರೂ ಮುಟ್ಟಿದ ಕೂಡಲೇ ಗೊತ್ತಾಯಿತು. ಅಪ್ಪನ ತಂಗಿಯಾದ ನನ್ನ ಅತ್ತೆಯ ಮದುವೆಗೆ ಮುರುಮ ಊರಿನ ನಮ್ಮ ತವರುಮನೆಯಲ್ಲಿ ಅರಿಶಿನ ಬೀಸಿದ ದಿನದ ಹಾಡು ಅದು.

ಬೀಸಿದವರು ಇಬ್ಬರು. ಒಬ್ಬರು ನನ್ನ ಆಯಿ, ಅಪ್ಪನ ತಾಯಿ, ವಲಾಂಡಿಯ ಒಕ್ಕಲುತನದ ಮನೆಯಿಂದ ಬಂದವರು. ಇನ್ನೊಬ್ಬರು ಸಣ್ಣಾಯಿ, ನಮ್ಮ ಅಜ್ಜ ಮುತ್ಯಾನ ತಮ್ಮನ ಹೆಂಡತಿ, ಉದಗೀರದ ಕಡೆಯವರು. ಆಯಿಗೆ ಕನ್ನಡ, ಸಣ್ಣಾಯಿಗೆ ಮರಾಠಿ. ಇಬ್ಬರೂ ಒಬ್ಬರ ಭಾಷೆ ಒಬ್ಬರು ಪೂರ್ತಿ ತಿಳಿದಿದ್ದರು, ಆದರೆ ಯಾರೂ ತಮ್ಮ ಭಾಷೆ ಬಿಟ್ಟುಕೊಟ್ಟವರಲ್ಲ. ಅಣ್ಣತಮ್ಮಂದಿರು ಕಾಳಿನ ಅಂಗಡಿ ಹಂಚಿಕೊಂಡಾಗ ಮನೆಯ ನಡುವೆ ಗೋಡೆ ಎದ್ದಿತು, ಹೆಂಗಸರ ಮಾತೂ ನಿಂತಿತು. ಹಿತ್ತಲ ಪಡಸಾಲೆಯ ಬೀಸುಕಲ್ಲೊಂದೇ ಹಂಚಿಕೆಯಾಗದೆ ಉಳಿಯಿತು. ಮೇಲಿನ ಕಲ್ಲು ಒಬ್ಬರಿಗೆ, ಕೆಳಗಿನದು ಇನ್ನೊಬ್ಬರಿಗೆ ಎಂದು ಹೇಗೆ ಹಂಚುವುದು? ಅಲ್ಲಿಂದ ಮುಂದೆ ಆ ಇಬ್ಬರ ನಡುವಿನ ಮಾತೆಲ್ಲ ಮಕ್ಕಳಾದ ನಮ್ಮ ಮೂಲಕವೇ. ಆಯಿ ಸಣ್ಣಾಯಿಯ ಮುಂದೆಯೇ ನಿಂತು ನನಗೆ ಹೇಳುತ್ತಿದ್ದರು, "ಏ ಹುಡುಗಿ, ಅವರಿಗಿ ಹೇಳು, ಹಾಲು ಉಕ್ಕಲತ್ತದ ಅಂತ." ನಾನು ತಿರುಗಿ ಹೇಳುವಷ್ಟರಲ್ಲಿ ಹಾಲು ಒಲೆಯ ಪಾಲಾಗಿರುತ್ತಿತ್ತು. ನಾನು ಓದುತ್ತಿದ್ದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಊಟದ ನಂತರ ಒಂದು ಹೊತ್ತು ಮೌನ ಹಿಡಿಯುತ್ತಿದ್ದರು. ನಮ್ಮ ಮನೆಯ ಇಬ್ಬರೂ ಅಂಥದೇ ಏನೋ ವ್ರತ ಹಿಡಿದಿದ್ದಾರೆಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ಆದರೆ ಮದುವೆಯ ಅರಿಶಿನವನ್ನು ಮನೆಯ ಇಬ್ಬರು ಮುತ್ತೈದೆಯರು ಎದುರುಬದುರು ಕೂತೇ ಬೀಸಬೇಕು. ಅದಕ್ಕೆ ಮುತ್ಯಾನೂ ಇಲ್ಲವೆನ್ನುವಂತಿರಲಿಲ್ಲ. ರೇಡಿಯೋ ರಿಪೇರಿಯ ಹುಚ್ಚಿದ್ದ ನಮ್ಮ ಕಾಕಾ, ಅಪ್ಪನ ಕಿರಿಯ ತಮ್ಮ, ಉಮರ್ಗಾದ ಗೆಳೆಯನಿಂದ ದೊಡ್ಡ ಟೇಪ್ ರೆಕಾರ್ಡರ್ ತಂದು ಕಲ್ಲಿನ ಎಡಕ್ಕೊಂದು ಬಲಕ್ಕೊಂದು ಮೈಕು ನಿಲ್ಲಿಸಿದ್ದ. ಆಯಿ ಮೈಕನ್ನು ಅನುಮಾನದಿಂದ ನೋಡಿ, "ಎರಡೆರಡು ಯಾಕೋ? ಒಂದು ನನ್ನ ಹಾಡಿಗಿ, ಒಂದು ನನ್ನ ಕೆಮ್ಮಿಗೇನು?" ಎಂದಿದ್ದರು. ಕಾಕಾ ನಗುತ್ತ, "ನಿಂಗ ಕಿವಿ ಎಷ್ಟವ ಅವ್ವಾ? ಮಶೀನಿಗೂ ಅಷ್ಟೇ ಇರಲಿ ಬಿಡು," ಎಂದಿದ್ದ. ಮದುವೆ ಮುಗಿದು ಆ ಯಂತ್ರ ವಾಪಸು ಹೋಯಿತು. ಮನೆಯಲ್ಲಿದ್ದದ್ದು ಒಂದೇ ಸ್ಪೀಕರಿನ ಸಣ್ಣ ಟೇಪು. ಅದರಲ್ಲಿ ಹಾಕಿದಾಗಲೆಲ್ಲ ಕಲ್ಲಿನ ಗುರುಗುರು, ಅದರ ಮೇಲೆ ತೇಲುವ ಎರಡು ದನಿ, ಅಷ್ಟೇ ಕೇಳುತ್ತಿತ್ತು.

ಆಯಿ ತೀರಿಕೊಂಡ ದಿನ ಸಣ್ಣಾಯಿ ಬಂದರು. ಹೆಣದ ಹತ್ತಿರ ಕೂರಲಿಲ್ಲ. ಹಿತ್ತಲಿಗೆ ಹೋಗಿ ಕಲ್ಲಿನ ಅಂಚನ್ನು ಸೆರಗಿನಿಂದ ಒರೆಸುತ್ತ ಕೂತರು. ನೆಂಟರ ಹೆಂಗಸೊಬ್ಬಳು ಎಲ್ಲರಿಗೂ ಕೇಳುವಂತೆ, "ಜೀವ ಇದ್ದಾಗ ಒಂದು ಮಾತಾಡ್ಲಿಲ್ಲ, ಈಗ ಕಲ್ಲು ಒರಸ್ಲಿಕ್ಕ ಬಂದಾಳ," ಎಂದಳು. ಸಣ್ಣಾಯಿ ಒರೆಸುತ್ತಲೇ ಇದ್ದರು. ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿದುಬಿಟ್ಟಿತು. ಒಂದೇ ಅಂಗಳದಲ್ಲಿ ಕೂದಲು ಬೆಳ್ಳಗಾದ ಇಬ್ಬರು ನಿಜಕ್ಕೂ ಒಂದು ಮಾತೂ ಆಡದೆ ಹೋಗಿಬಿಟ್ಟರೇ? ಈಗ ಕೇಳೋಣವೆಂದರೆ ಸಣ್ಣಾಯಿಯೂ ಇಲ್ಲ, ಮನೆಯೂ ಇಲ್ಲ. ಗೋಡೆಯ ಎರಡೂ ಬದಿಯನ್ನು ಒಟ್ಟಿಗೇ ಕೆಡವಿ ಯಾರೋ ಗೋದಾಮು ಕಟ್ಟಿದ್ದಾರೆ.

ಕ್ಯಾಸೆಟ್ಟಿನ ಪಟ್ಟಿ ಅಂಚಿನಲ್ಲಿ ಸುಕ್ಕುಗಟ್ಟಿತ್ತು. ಯಜಮಾನರು ಕನ್ನಡಕ ಏರಿಸಿ ನೋಡಿ, "ಇದು ಒಂದು ಸಲ ಓಡಿದ್ರ ಪುಣ್ಯ. ಇವತ್ತೇ ಕಂಪ್ಯೂಟರಿಗಿ ಇಳಿಸಿಬಿಡೋಣು," ಎಂದರು. ಭಜನೆಯ ಕ್ಯಾಸೆಟ್ಟುಗಳನ್ನು ಇಳಿಸಿ ಅವರಿಗೆ ಅಭ್ಯಾಸ. ತಮ್ಮ ಹಳೆಯ ಡೆಕ್ಕಿನ ಧೂಳು ಒರೆಸಿ ವೈರು ಚುಚ್ಚಿದರು. ಪರದೆಯ ಮೇಲೆ ಮೋನೋ, ಸ್ಟೀರಿಯೋ ಎಂಬ ಎರಡು ಮಾತು ಮೂಡಿದವು. "ಮೋನೋ ಹಚ್ಚು. ಬರೀ ಬಾಯಿಂದಿನ ಹಾಡದ, ಎರಡೂ ಕಿವಿಗಿ ಒಂದೇ ನಮೂನಿ ಕೇಳಸ್ತದ. ಸ್ಟೀರಿಯೋ ಎಲ್ಲ ಬಾಜಾ ಬಜಂತ್ರಿಗಿ," ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ಆ ಎರಡು ಮೈಕು ಕಣ್ಮುಂದೆ ಬಂದವು. ಕಾಕಾ ಇರುವ ಉಮರ್ಗಾಕ್ಕೆ ಫೋನ್ ಮಾಡಿದೆ. ಕಾಕಾನಿಗೆ ಈಗ ಕಿವಿ ಮಂದ. ಎರಡು ಸಲ ಕೂಗಿ ಹೇಳಿದ ಮೇಲೆ, "ಹುಚ್ಚಿ, ಮೋನೋ ಹಚ್ಚಿದ್ರ ಇಬ್ಬರಿಗೂ ಒಂದೇ ಜಾಗಾಕ್ಕ ತಂದು ಕುಂದರಿಸಿದಂಗ ಆಗ್ತದ. ಅವರು ಎದುರಾ ಎದುರಾ ಕುಂತಿದ್ರವಾ. ಇದ್ದಲ್ಲೇ ಇರಲಿ ಬಿಡು," ಎಂದ. "ನಾ ಸೈತ ಅದನ್ನ ಹಂಗ ಒಮ್ಮಿನೂ ಕೇಳಿಲ್ಲ ನೋಡು," ಎಂದೂ ಸೇರಿಸಿದ.

ಸ್ಟೀರಿಯೋ ಒತ್ತಿ, ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದೆ. ಕಲ್ಲು ನನ್ನ ತಲೆಯ ನಡುವೆ ತಿರುಗತೊಡಗಿತು. ಎಡಗಡೆ ಆಯಿ, ಬಲಗಡೆ ಸಣ್ಣಾಯಿ. ಬಳೆಗಳು ಸಹ ಬೇರೆ ಬೇರೆ, ಆಯಿಯದು ಗಾಜಿನ ಕಿಣಿಕಿಣಿ, ಸಣ್ಣಾಯಿಯದು ಚಿನ್ನದ ಪಾಟ್ಲಿಯ ಮಂದ ಟಕ್ಕು. ಆಯಿ, "ಕಲ್ಲು ನಾ ತಿರುವೀನಿ, ಎದುರಿನಾಕಿ ಕೈ ಎಲ್ಲ್ಯಾದ?" ಎಂದು ಹಾಡಿದರೆ, ಸಣ್ಣಾಯಿ, "ಹಾತ ಮಾಝಾ ಖುಂಟ್ಯಾವರಿ, ಡೋಳಂ ತುಝಂ ಉಂಬರ್‍ಯಾವರಿ" ಎಂದು ತಿರುಗಿಸಿಕೊಟ್ಟರು. ನನ್ನ ಕೈ ಕಲ್ಲಿನ ಗೂಟದ ಮೇಲಿದೆ, ನಿನ್ನ ಕಣ್ಣೇ ಹೊಸ್ತಿಲ ಮೇಲಿದೆ, ಎಂದು. ಇದೆಲ್ಲ ನನಗೆ ಬಾಯಿಪಾಠ. ಹಾಡು ಒಮ್ಮೆ ನಿಂತು ಕಲ್ಲು ಮಾತ್ರ ತಿರುಗುವ ಜಾಗವೊಂದಿತ್ತು. ಉಸಿರು ತೆಗೆದುಕೊಳ್ಳುತ್ತಿದ್ದಾರೆ ಎಂದೇ ನಾವೆಲ್ಲ ಅಂದುಕೊಂಡದ್ದು. ಈಗ ಅಲ್ಲಿ, ಗುರುಗುರುವಿನ ಬಲಗಡೆಯಿಂದ ಒಂದು ಪಿಸುದನಿ ಬೇರೆಯಾಗಿ ಕೇಳಿಸಿತು. "ಅಕ್ಕಾ, ಹಾತ ದುಖತೋಯ ಕಾ?" ಕೈ ನೋಯುತ್ತಿದೆಯಾ ಎಂದು.

ಎಡಗಡೆಯಿಂದ ಆಯಿ, "ಸುಮ್ಮಕಿರ. ಮಶೀನು ಕೇಳ್ಕೋಂತ ಕುಂತದ."

ಒಂದು ಮುಚ್ಚಿದ ನಗು. ಯಾರದೆಂದು ಹೇಳಲಾರೆ, ಎರಡೂ ಬದಿಗಿತ್ತು. ಆಮೇಲೆ ಆಯಿ ಇನ್ನೂ ತಗ್ಗಿದ ದನಿಯಲ್ಲಿ, "ನೀ ಕಳಸಿದ್ದು ಉಪ್ಪಿನಕಾಯಿ ಭಾಳ ಚಲೋ ಆಗಿತ್ತ," ಎಂದರು. ಕಲ್ಲು ಜೋರಾಗಿ ತಿರುಗಿತು. ಮುಂದಿನದು ಏನೂ ತಿಳಿಯಲಿಲ್ಲ.

ನಾನು ಹೆಡ್‌ಫೋನ್ ಕಿವಿಗೆ ಒತ್ತಿ ಹಿಡಿದೆ. ಆ ಉಪ್ಪಿನಕಾಯಿಯನ್ನು ಗೋಡೆ ದಾಟಿಸಿದವರು ಯಾರು? ಮಕ್ಕಳಂತೂ ಅಲ್ಲ, ನಮಗೆ ಗೊತ್ತಾಗಿದ್ದರೆ ಊರಿಗೇ ಗೊತ್ತಾಗುತ್ತಿತ್ತು. ಪಕ್ಕದ ಓಣಿಯಲ್ಲೇ ಹಿಟ್ಟಿನ ಗಿರಣಿ ಇತ್ತು. ಆದರೂ ಇಬ್ಬರೂ ಕಡಲೆಬೇಳೆ, ಗೋಧಿರವೆ, ಏನೇನೋ ತಂದು, ಗಂಡಸರು ಅಂಗಡಿಗೆ ಹೋದ ಹೊತ್ತಿನಲ್ಲಿ ಕಲ್ಲಿನ ಮುಂದೆಯೇ ಕೂರುತ್ತಿದ್ದರು. "ಗಿರಣಿ ಬಿಟ್ಟು ಕೈ ಸವೆಸ್ಕೋತಾವ, ಬುದ್ಧಿಲ್ಲ ಇವಕ್ಕ," ಎಂದು ಮುತ್ಯಾ ಗೊಣಗುತ್ತಿದ್ದ. ರುಚಿಗೆ ಎಂದು ಆಯಿ ಹೇಳುತ್ತಿದ್ದರು. ಎಷ್ಟು ಬೇಳೆ, ಎಷ್ಟು ಮಧ್ಯಾಹ್ನ, ಎಷ್ಟು ಮಾತು ಆ ಸದ್ದಿನೊಳಗೆ ನಡೆದುಹೋಯಿತೋ. ಅಂದಿನ ಮುಂಜಾನೆಯ ತನಕ ನಾನು ಮರುಗಿದ್ದು ಅವರ ಮೌನಕ್ಕಾಗಿ. ಈಗ ಮನೆಯೂ ಇಲ್ಲದ, ಕಲ್ಲೂ ಇಲ್ಲದ ಹೊತ್ತಿನಲ್ಲಿ, ನನಗೆ ಕೇಳಿಸದೇ ಹೋದ ಅವರ ಮಾತಿಗಾಗಿ ಕಣ್ಣು ತುಂಬಿತು.

ಸಂಜೆ ಪಕ್ಕದ ಮನೆಯ ಸುಮನ್ ವೈನಿ ಮೊಸರಿಗೆ ಹೆಪ್ಪು ಕೇಳಲು ಬಂದರು. ನಾವಿಬ್ಬರೂ ಒಬ್ಬರನ್ನೊಬ್ಬರು ವೈನಿ, ಎಂದರೆ ಅತ್ತಿಗೆ, ಎಂದೇ ಕರೆಯುವುದು. ತಡೆಯಲಾರದೆ ಅವರ ಕಿವಿಗೂ ಹಾಕಿದೆ. ಬಟ್ಟಲು ಕೈಯಲ್ಲೇ ಹಿಡಿದು ಒಂದು ಗಳಿಗೆ ಕೇಳಿ, ತೆಗೆದು ಕೊಟ್ಟು, ಬಾಗಿಲ ಕಡೆ ತಿರುಗುತ್ತ ಅವರು ಅಂದರು:

"ಹಾಡ ಛಂದ ಅದರೀ. ಆ ಕಲ್ಲಿನ ಗದ್ದಲ ಒಂದು ತೆಗದು ಬಿಡ್ರಿ ವೈನಿ. ಈಗ ಮೊಬೈಲ್‌ದಾಗ ಅದಕ್ಕೊಂದು ಬಟನ್ ಬಂದದಂತ."